ರುಡಾಲ್ಫ್‌ ಗೊಂಬೆ ಯಾಕೆ ಹಾಗೆ ತಡವರಿಸುತ್ತದೆ? 1964ರ ಕ್ರಿಸ್‌ಮಸ್ ಟಿವಿ ಚಿತ್ರವನ್ನು ಮೊದಲ ಸಲ ನೋಡುವವರಿಗೆ

ಚಿನ್ನ ಹುಡುಕಿಕೊಂಡು ಹಿಮದಲ್ಲಿ ಅಲೆಯುವ ಯೂಕಾನ್ ಕಾರ್ನೀಲಿಯಸ್ ಎಂಬ ಗಡ್ಡದಾಸಾಮಿ ತನ್ನ ಪಿಕಾಸಿಯನ್ನು ಮೇಲಕ್ಕೆಸೆಯುತ್ತಾನೆ. ಅದು ಬಂದು ಹಿಮಕ್ಕೆ ನಾಟಿಕೊಳ್ಳುತ್ತದೆ. ಕಿತ್ತು, ಅದರ ಮೊನೆಯನ್ನು ನೆಕ್ಕಿ, ಏನೂ ಸಿಗಲಿಲ್ಲ ಎಂದು ಮುಂದೆ ಹೋಗುತ್ತಾನೆ. ಚಿನ್ನವನ್ನು ಯಾರಾದರೂ ನೆಕ್ಕಿ ನೋಡುತ್ತಾರೆಯೇ? ಸ್ವಲ್ಪ ಹೊತ್ತಿಗೆ ‘ಯಾರಿಗೂ ಬೇಡವಾದ ಆಟಿಕೆಗಳ ದ್ವೀಪ’ ಬರುತ್ತದೆ. ಅಲ್ಲಿ ಒಂದೊಂದು ಆಟಿಕೆಗೂ ಒಂದೊಂದು ಊನ. ಆದರೆ ಕೆಂಪು ಕೂದಲಿನ ಒಂದು ಹೆಣ್ಣುಗೊಂಬೆ ಮಾತ್ರ ಎಲ್ಲ ಸರಿಯಿದ್ದೂ ಅಳುತ್ತಾ ಕೂತಿದೆ. ಹಕ್ಕುಸ್ವಾಮ್ಯದ ಸಾಲನ್ನು ಕಣ್ಣಿಟ್ಟು ಓದಿದರೆ ಅಲ್ಲಿರುವ ಇಸವಿ 1164.

ಇವೆಲ್ಲ ಇರುವ ಚಿತ್ರ ‘ರುಡಾಲ್ಫ್ ದಿ ರೆಡ್ ನೋಸ್ಡ್ ರೇನ್‌ಡಿಯರ್’, ಅಂದರೆ ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್‌ನ ಕಥೆ. ಅದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಮೊದಲು ಬಂದದ್ದು 1964ರ ಡಿಸೆಂಬರ್ 6ರ ಭಾನುವಾರ. ಅಂದಿನಿಂದ ಒಂದು ವರ್ಷವೂ ತಪ್ಪದೆ ಅಲ್ಲಿನ ಟಿವಿಯಲ್ಲಿ ಬರುತ್ತಿದೆ. ಚಿಕ್ಕಂದಿನಿಂದ ನೋಡಿದವರಿಗೆ ಮೇಲಿನ ಯಾವುದೂ ವಿಚಿತ್ರ ಅನ್ನಿಸುವುದಿಲ್ಲ. ದೊಡ್ಡವರಾದ ಮೇಲೆ ಮೊದಲ ಸಲ ನೋಡುವವರಿಗೆ, ಅಮೆರಿಕದಲ್ಲಿ ನೆಲೆಸಿ ಮಕ್ಕಳ ಒತ್ತಾಯಕ್ಕೆ ಜೊತೆಯಲ್ಲಿ ಕೂರುವ ಕನ್ನಡದ ಅಪ್ಪ ಅಮ್ಮಂದಿರಿಗೆ, ಎಲ್ಲವೂ ವಿಚಿತ್ರವೇ. ಇವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಕಥೆಯೊಳಗೆ ಸಿಗುವುದಿಲ್ಲ. ಕ್ಯಾಮೆರಾದ ಹಿಂದೆ, ಪ್ರಸಾರದ ಗಡಿಯಾರದಲ್ಲಿ, ಸಂಕಲನದ ಕತ್ತರಿಯಲ್ಲಿ ಹುಡುಕಬೇಕು.

ಮೊದಲು ಸರಿಯಾದ ಚಿತ್ರವನ್ನು ಹಿಡಿಯಿರಿ. ಇದೇ ಹೆಸರಿನಲ್ಲಿ ಮ್ಯಾಕ್ಸ್ ಫ್ಲೈಷರ್ ಮಾಡಿದ 1948ರ ಪುಟ್ಟ ಕಾರ್ಟೂನ್ ಇದೆ. ಕೈಯಲ್ಲಿ ಬರೆದ ಚಿತ್ರಗಳದ್ದು, ಹತ್ತು ನಿಮಿಷದೊಳಗೆ ಮುಗಿಯುತ್ತದೆ. 1998ರಲ್ಲಿ ಬಂದ ಪೂರ್ಣಾವಧಿಯ ಕಾರ್ಟೂನ್ ಚಿತ್ರವೂ ಇದೆ. ನಿಮಗೆ ಬೇಕಾದದ್ದು ಆರ್ಥರ್ ರ‍್ಯಾಂಕಿನ್ ಮತ್ತು ಜೂಲ್ಸ್ ಬ್ಯಾಸ್ ನಿರ್ಮಿಸಿದ ಗೊಂಬೆಗಳ ಚಿತ್ರ. ಕೊಡೆ ಹಿಡಿದು ಜಾರುತ್ತಾ ಬರುವ ಹಿಮಮಾನವನೊಬ್ಬ ಕಥೆ ಹೇಳಲು ಶುರುಮಾಡಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಆ ದನಿ ಗಾಯಕ ಬರ್ಲ್ ಐವ್ಸ್ ಅವರದು.

ಟಿವಿಯಲ್ಲಿ ಎರಡು ಸೆಟ್ಟಿಂಗ್ ಸರಿಮಾಡಿಕೊಳ್ಳಿ. ಈ ಚಿತ್ರ ಹಳೆಯ ಚೌಕ ಪರದೆಗೆ, ಅಂದರೆ 4:3 ಅಳತೆಗೆ ಮಾಡಿದ್ದು. ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಬರಲಿ. ಪರದೆ ತುಂಬಲೆಂದು ಎಳೆದರೆ ಎಲ್ಲರೂ ಕುಳ್ಳಗಾಗುತ್ತಾರೆ, ಹಿಗ್ಗಿಸಿ ಕತ್ತರಿಸಿದರೆ ಹಿಮಸಾರಂಗಗಳ ಕೊಂಬು ಹಾರಿಹೋಗುತ್ತದೆ. ಎರಡನೆಯದು ಇನ್ನೂ ಮುಖ್ಯ: ಹೊಸ ಟಿವಿಗಳಲ್ಲಿ ಚಲನೆಯನ್ನು ನುಣುಪು ಮಾಡುವ ಸೌಲಭ್ಯ ಇರುತ್ತದೆ. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಎಂಬ ಹೆಸರು. ಅದನ್ನು ಆರಿಸಿ. ಯಾಕೆ ಎಂಬುದಕ್ಕೆ ಗೊಂಬೆ ನಡೆಯುವ ಬಗೆ ಗೊತ್ತಾಗಬೇಕು.

ಗೊಂಬೆ ನಡೆಯುವ ಲೆಕ್ಕ

ನಮ್ಮ ಸೂತ್ರದ ಗೊಂಬೆಯಾಟದಲ್ಲಿ ಕೈ ಆಡಿದ ಕ್ಷಣದಲ್ಲೇ ಗೊಂಬೆ ಆಡುತ್ತದೆ. ಈ ಚಿತ್ರ ಮಾಡಿರುವ ಸ್ಟಾಪ್ ಮೋಷನ್ ವಿಧಾನದಲ್ಲಿ ಗೊಂಬೆ ಪ್ರೇಕ್ಷಕರ ಮುಂದೆ ಅಲುಗುವುದೇ ಇಲ್ಲ. ಕಲಾವಿದ ಬಂದು ಕಾಲನ್ನು ಕೊಂಚ ಸರಿಸುತ್ತಾನೆ, ಪಕ್ಕಕ್ಕೆ ಹೋಗುತ್ತಾನೆ, ಕ್ಯಾಮೆರಾ ಒಂದು ಫ್ರೇಮ್ ತೆಗೆಯುತ್ತದೆ. ಮತ್ತೆ ಬರುತ್ತಾನೆ, ಮತ್ತೆ ಸರಿಸುತ್ತಾನೆ. ಸಿನಿಮಾ ಫಿಲ್ಮ್ ಓಡುವುದು ಸೆಕೆಂಡಿಗೆ 24 ಫ್ರೇಮ್. ಈ ಕಸುಬಿನಲ್ಲಿ ಸಾಮಾನ್ಯವಾಗಿ ಒಂದು ಭಂಗಿಗೆ ಎರಡು ಫ್ರೇಮ್ ತೆಗೆಯುತ್ತಾರೆ, ಅಂದರೆ ಸೆಕೆಂಡಿಗೆ 12 ಭಂಗಿ. ಸುಮಾರು 50 ನಿಮಿಷದ ಚಿತ್ರವೆಂದರೆ 3,000 ಸೆಕೆಂಡು, 72,000 ಫ್ರೇಮ್, 36,000 ಭಂಗಿ. ಒಂದು ದೃಶ್ಯದಲ್ಲಿ ಐದು ಗೊಂಬೆಗಳಿದ್ದು, ಪ್ರತಿಯೊಂದರ ತಲೆ, ಕೈ, ಕಾಲು ಎಂದು ಮೂರು ಭಾಗ ಆಡಿಸಬೇಕಾದರೆ ಒಂದು ಭಂಗಿಗೆ 15 ಸಲ ಕೈ ಹಾಕಬೇಕು, ಒಂದು ಸೆಕೆಂಡಿಗೆ 180 ಸಲ. ಆಮೇಲೆ ಒಂದು ಗೊಂಬೆ ಮಗುಚಿಬಿದ್ದರೆ ಆ ತುಣುಕು ಮೊದಲಿನಿಂದ.

ತಡವರಿಕೆಗೆ ಭಂಗಿಗಳು ಕಡಿಮೆ ಎಂಬುದೊಂದೇ ಕಾರಣವಲ್ಲ. ಓಡುವ ಮನುಷ್ಯನನ್ನು ಸಿನಿಮಾ ಕ್ಯಾಮೆರಾದಲ್ಲಿ ಹಿಡಿದು ಒಂದು ಫ್ರೇಮ್ ನಿಲ್ಲಿಸಿ ನೋಡಿ: ಕೈಕಾಲು ಮಸುಕಾಗಿರುತ್ತವೆ, ಯಾಕೆಂದರೆ ಶಟರ್ ತೆರೆದಿರುವಷ್ಟು ಹೊತ್ತಿನಲ್ಲಿ ಅವು ಜಾಗ ಬಿಟ್ಟಿರುತ್ತವೆ. ಆ ಮಸುಕೇ ನಮ್ಮ ಕಣ್ಣಿಗೆ ಒಂದು ಫ್ರೇಮನ್ನು ಮುಂದಿನದಕ್ಕೆ ಬೆಸೆಯುತ್ತದೆ. ಗೊಂಬೆ ಶಟರ್ ತೆರೆದಾಗ ಕಲ್ಲಿನಂತೆ ನಿಂತಿರುತ್ತದೆ. ಪ್ರತಿ ಫ್ರೇಮೂ ಚೂಪು, ಬೆಸುಗೆ ಇಲ್ಲ. ಆದ್ದರಿಂದ ವೇಗದ ಓಟ ಮಾತ್ರ ಕುಪ್ಪಳಿಸಿದಂತೆ ಕಾಣುತ್ತದೆ, ನಿಧಾನದ ನಡೆ ಅಷ್ಟಾಗಿ ಕಾಣುವುದಿಲ್ಲ. ಹಿಮಸಾರಂಗಗಳ ಆಟದ ಮೈದಾನವನ್ನೂ, ರುಡಾಲ್ಫ್ ಮತ್ತು ಅವನ ಗೆಳತಿ ಕ್ಲಾರಿಸ್ ಜೊತೆಯಾಗಿ ನಡೆಯುವ ದೃಶ್ಯವನ್ನೂ ಹೋಲಿಸಿದರೆ ವ್ಯತ್ಯಾಸ ಎದ್ದುಕಾಣುತ್ತದೆ.

ಇದು ಟಿವಿಗೆ ಹೋದಾಗ ಇನ್ನೊಂದು ಗಣಿತ ಸೇರುತ್ತದೆ. ಅಮೆರಿಕದ ಹಳೆಯ ಟಿವಿ ಸೆಕೆಂಡಿಗೆ 60 ಅರ್ಧಚಿತ್ರ ತೋರಿಸುತ್ತಿತ್ತು. 24ನ್ನು 60ಕ್ಕೆ ಹೊಂದಿಸಲು ಒಂದು ಫ್ರೇಮನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತಾ ಹೋಗುತ್ತಿದ್ದರು. ಮಾಮೂಲಿ ಸಿನಿಮಾದಲ್ಲಿ ಇದರಿಂದ ಸಣ್ಣ ಎಡವು ಬರುತ್ತದೆ. ಎರಡು ಫ್ರೇಮಿನ ಭಂಗಿಗೆ ಮಾತ್ರ ಎರಡು ಮತ್ತು ಮೂರು ಸೇರಿ ಲೆಕ್ಕ ಸರಿಯಾಗಿ ಐದಾಗುತ್ತದೆ. ಪ್ರತಿ ಭಂಗಿಯೂ ಒಂದೇ ಸಮನಾಗಿ ನಿಲ್ಲುತ್ತದೆ. ಹೊಸ ಟಿವಿಯ ನುಣುಪು ಸೌಲಭ್ಯ ಈ ಸಮತಾಳದ ನಡುವೆ ತಾನೇ ಊಹಿಸಿದ ಚಿತ್ರಗಳನ್ನು ತುರುಕುತ್ತದೆ. ಎರಡು ಭಂಗಿಗಳ ನಡುವಿನ ಅಂತರ ದೊಡ್ಡದಿದ್ದಾಗ ಅದರ ಊಹೆ ತಪ್ಪಿ, ಕಾಲಿನ ಅಂಚು ಕರಗಿ ಹರಿದಂತೆ ಕಾಣುತ್ತದೆ.

ಕೈಯಾರೆ ಮಾಡಿ ನೋಡಿದರೆ ಒಂದು ಮಧ್ಯಾಹ್ನದಲ್ಲಿ ಇದೆಲ್ಲ ಅರ್ಥವಾಗುತ್ತದೆ. ಕೀಲಿರುವ ಒಂದು ಆಟಿಕೆ, ಫೋನು, ಟ್ರೈಪಾಡ್, ಸ್ಟಾಪ್ ಮೋಷನ್ ಆ್ಯಪ್, ಪಾದಕ್ಕೆ ಅಂಟಿಸಲು ಬ್ಲೂ ಟ್ಯಾಕ್ ಎಂಬ ಮೆತ್ತನೆಯ ಅಂಟು ಸಾಕು. ಆ್ಯಪನ್ನು ಸೆಕೆಂಡಿಗೆ 12 ಚಿತ್ರಕ್ಕೆ ಇಡಿ. ಹತ್ತು ಸೆಕೆಂಡಿಗೆ 120 ಫೋಟೋ. ಫೋಕಸ್, ಎಕ್ಸ್‌ಪೋಶರ್, ಬಣ್ಣದ ಸಮತೋಲನ ಮೂರನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ನಿಮ್ಮ ಕೈ ಒಳಬಂದು ಹೊರಹೋದಾಗಲೆಲ್ಲ ಫೋನು ಬೆಳಕನ್ನು ಬದಲಿಸುತ್ತದೆ. ಕಿಟಕಿಗೆ ದಪ್ಪ ಪರದೆ ಎಳೆಯಿರಿ. ಒಂದು ಗಂಟೆಯಲ್ಲಿ ಸೂರ್ಯ ಸರಿಯುವುದು ಹತ್ತು ಸೆಕೆಂಡಿನ ಚಿತ್ರದಲ್ಲಿ ನೆರಳಿನ ಓಟವಾಗಿ ಕಾಣುತ್ತದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ಆ ಮಿಣುಕು ಚಿತ್ರಕ್ಕೆ ಬರುವುದಿಲ್ಲ.

ಇನ್ನು ಹೆಜ್ಜೆ. ಅರ್ಧ ಸೆಕೆಂಡಿನ ಒಂದು ಹೆಜ್ಜೆಗೆ ಆರು ಭಂಗಿ. ಕಾಲು ಒಟ್ಟು 30 ಮಿಲಿಮೀಟರ್ ಮುಂದೆ ಹೋಗಬೇಕು ಅನ್ನೋಣ. ಐದೈದರಂತೆ ಸಮವಾಗಿ ಹಂಚಿದರೆ ಯಂತ್ರ ನಡೆದಂತಿರುತ್ತದೆ. 2, 5, 8, 8, 5, 2 ಎಂದು ಹಂಚಿ ನೋಡಿ: ಕಾಲಿಗೆ ತೂಕ ಬರುತ್ತದೆ, ಎತ್ತುವಾಗ ನಿಧಾನ, ನಡುವೆ ವೇಗ, ಊರುವಾಗ ಮತ್ತೆ ನಿಧಾನ. ಗೊಂಬೆಗೆ ಜೀವ ಬಂತು ಅನ್ನಿಸುವುದು ಈ ಮಿಲಿಮೀಟರುಗಳ ಹಂಚಿಕೆಯಲ್ಲಿ.

ಟೊರಾಂಟೊ ದನಿ, ಟೋಕಿಯೊ ಕೈ

ನಿರ್ಮಾಪಕರು ಅಮೆರಿಕದವರು; ಅವರ ಕಂಪನಿಗೆ ಆಗ ವಿಡಿಯೊಕ್ರಾಫ್ಟ್ ಇಂಟರ್‌ನ್ಯಾಷನಲ್ ಎಂದು ಹೆಸರು. ಚಿತ್ರಕಥೆ ರೋಮಿಯೊ ಮುಲ್ಲರ್ ಅವರದು. ಬರ್ಲ್ ಐವ್ಸ್ ಬಿಟ್ಟರೆ ದನಿಗಳೆಲ್ಲ ಕೆನಡಾದ ಟೊರಾಂಟೊ ಕಲಾವಿದರದು. ರುಡಾಲ್ಫ್‌ ಮಾತಾಡುವುದು ಬಿಲ್ಲಿ ಮೇ ರಿಚರ್ಡ್ಸ್ ಎಂಬ ಮಹಿಳೆಯ ದನಿಯಲ್ಲಿ. ಹಾಗೆ ಧ್ವನಿಮುದ್ರಣವಾದ ಮಾತು ಹಾಡುಗಳು ಟೋಕಿಯೊಗೆ ಹೋದವು. ಅಲ್ಲಿ ತದಹಿತೊ ಮೊಚಿನಾಗ ಅವರ ಎಂಒಎಂ ಪ್ರೊಡಕ್ಷನ್ಸ್ ಸ್ಟುಡಿಯೊದಲ್ಲಿ ಗೊಂಬೆಗಳು ಆಡಿದವು. ಈ ವಿಧಾನಕ್ಕೆ ನಿರ್ಮಾಪಕರು ಇಟ್ಟ ವ್ಯಾಪಾರಿ ಹೆಸರು ‘ಅನಿಮ್ಯಾಜಿಕ್’. ಮೊಚಿನಾಗ ಸಾಮಾನ್ಯರಲ್ಲ: ಎರಡನೇ ಮಹಾಯುದ್ಧದ ಕೊನೆಯಲ್ಲಿ ಈಶಾನ್ಯ ಚೀನಾದ ಮಂಚೂರಿಯಾದಲ್ಲಿದ್ದು, ಚೀನಾದಲ್ಲೇ ಉಳಿದು ಅಲ್ಲಿನ ಗೊಂಬೆ ಅನಿಮೇಷನ್‌ಗೆ ಅಡಿಪಾಯ ಹಾಕಿದವರು, 1953ರಲ್ಲಿ ಜಪಾನಿಗೆ ಮರಳಿದವರು. ಅಮೆರಿಕದ ಮಕ್ಕಳ ಕ್ರಿಸ್‌ಮಸ್‌ನ ಮುಖಚಹರೆಯನ್ನು ರೂಪಿಸಿದ ಕೈ ಅವರದು ಎಂಬುದು ಅಮೆರಿಕದಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ.

ದನಿ ಮೊದಲು, ಚಿತ್ರ ಆಮೇಲೆ ಎಂಬ ಈ ಕ್ರಮ ಗೊಂಬೆ ಚಿತ್ರಕ್ಕೆ ಅನಿವಾರ್ಯ. ಧ್ವನಿಪಟ್ಟಿಯನ್ನು ಫ್ರೇಮ್ ಫ್ರೇಮಾಗಿ ಅಳೆದು, ಯಾವ ಅಕ್ಷರ ಎಷ್ಟನೆಯ ಫ್ರೇಮಿಗೆ ಬೀಳುತ್ತದೆ ಎಂದು ಚಾರ್ಟ್ ಬರೆಯುತ್ತಾರೆ. ಆ ಚಾರ್ಟ್ ನೋಡಿಕೊಂಡು ಬಾಯಿ ತೆರೆಸಬೇಕು, ಮುಚ್ಚಿಸಬೇಕು. ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು. ಅದು ಎರಡು ಫ್ರೇಮ್ ತಪ್ಪಿದರೂ ನೋಡುವವರಿಗೆ ಡಬ್ಬಿಂಗ್ ಮಾಡಿದಂತೆ ಕೇಳಿಸುತ್ತದೆ.

ಗೊಂಬೆಗಳನ್ನು ಮಾಡಿದವರು ಇಚಿರೊ ಕೊಮುರೊ. ಮರ, ತಂತಿ, ಬಟ್ಟೆ, ಚರ್ಮ. ಸಾಂಟಾನ ಗಡ್ಡಕ್ಕೆ ಯಾಕ್ ಕೂದಲು. ಉಳಿದುಬಂದಿರುವ ಗೊಂಬೆಗಳಲ್ಲಿ ರುಡಾಲ್ಫ್‌ನ ಎತ್ತರ 6 ಇಂಚು, ಸಾಂಟಾನದು 11 ಇಂಚು. ಮೂಗಿನೊಳಗೆ ಪುಟ್ಟ ದೀಪ. ಇಷ್ಟು ಸಣ್ಣ ಗೊಂಬೆಯ ಹತ್ತಿರ ಕ್ಯಾಮೆರಾ ಹೋದಾಗ ಮೂಗು ಫೋಕಸ್‌ನಲ್ಲಿದ್ದರೆ ಬಾಲ ಮಸುಕಾಗುತ್ತದೆ. ಲೆನ್ಸಿಗೆ ಬೆಳಕು ಬರುವ ಕಿಂಡಿಯನ್ನು (ಅಪರ್ಚರ್) ಕಿರಿದು ಮಾಡಿ, ಶಟರ್ ಹೆಚ್ಚು ಹೊತ್ತು ತೆರೆದಿಟ್ಟು ಇದನ್ನು ಸರಿದೂಗಿಸಬಹುದು. ಗೊಂಬೆ ಅಲುಗುವುದಿಲ್ಲವಾದ್ದರಿಂದ ಎಷ್ಟು ಹೊತ್ತು ತೆರೆದರೂ ತೊಂದರೆಯಿಲ್ಲ.

ಕೆಡುವುದು ಬೇರೆ ಕಡೆ. ತಂತಿಯನ್ನು ಒಂದೇ ಜಾಗದಲ್ಲಿ ಬಗ್ಗಿಸಿ ಬಗ್ಗಿಸಿ ಕಡೆಗೆ ಒಳಗೇ ತುಂಡಾಗುತ್ತದೆ; ಹೊರಗೆ ಬಟ್ಟೆ ಇರುವುದರಿಂದ ಕಾಲು ಜೋತುಬೀಳುವವರೆಗೆ ತಿಳಿಯುವುದಿಲ್ಲ. ಕೂದಲಿನ ಮೇಲೆ ಬೆರಳು ತಾಗಿದಲ್ಲೆಲ್ಲ ಎಳೆಗಳು ಬೇರೆ ದಿಕ್ಕಿಗೆ ಒರಗುತ್ತವೆ, ಚಿತ್ರದಲ್ಲಿ ತುಪ್ಪಳದೊಳಗೆ ಇರುವೆ ಹರಿದಾಡಿದಂತೆ ಕಾಣುತ್ತದೆ. ಹಿಮರಾಕ್ಷಸ ಪರದೆ ತುಂಬ ನಿಂತಾಗ ಗಮನಿಸಿ, ಅವನ ಬಿಳಿ ಮೈ ಸುಮ್ಮನಿರುವುದಿಲ್ಲ. ಇದನ್ನು ತಪ್ಪು ಎಂದು ಎಣಿಸುವವರಿದ್ದಾರೆ; ಕಲಾವಿದನ ಬೆರಳಿನ ಗುರುತು ಕಾಣುವ ಈ ಜಾಗವೇ ಕಂಪ್ಯೂಟರ್ ಅನಿಮೇಷನ್‌ನಲ್ಲಿ ಸಿಗದ ಸೊಗಸು ಎಂಬುದು ನಮ್ಮ ಎಣಿಕೆ.

ಚಿತ್ರ ಮುಗಿದ ಮೇಲೆ ಗೊಂಬೆಗಳಿಗೆ ಯಾರೂ ಬೆಲೆ ಕೊಡಲಿಲ್ಲ. ಎರಡು ಗೊಂಬೆಗಳು ಮಾತ್ರ ಕಂಪನಿಯ ಉದ್ಯೋಗಿಯೊಬ್ಬರ ಮನೆ ಸೇರಿ, ವರ್ಷ ವರ್ಷ ಕ್ರಿಸ್‌ಮಸ್ ಅಲಂಕಾರಕ್ಕೆ ಬಂದು ಉಳಿದುಕೊಂಡವು. ಆಮೇಲೆ ದುರಸ್ತಿಯಾಗಿ, 2020ರ ಹರಾಜಿನಲ್ಲಿ ಈ ಜೋಡಿ 3,68,000 ಡಾಲರಿಗೆ ಹೋಯಿತು. ಈಗ ಅಟ್ಲಾಂಟಾದ ಸೆಂಟರ್ ಫಾರ್ ಪಪೆಟ್ರಿ ಆರ್ಟ್ಸ್ ಸಂಗ್ರಹಾಲಯಕ್ಕೆ ಸೇರಿವೆ. ರುಡಾಲ್ಫ್‌ನ ಮೂಗು ಈಗಲೂ ಹೊತ್ತುತ್ತದೆ.

ಪಿಕಾಸಿ ನೆಕ್ಕಿದ್ದು ಯಾಕೆ

ರುಡಾಲ್ಫ್ ಹಳೆಯ ಜನಪದ ಕಥೆಯೇನಲ್ಲ, ಅಂಗಡಿಯ ಜಾಹೀರಾತು. ಷಿಕಾಗೊದ ಮಾಂಟ್‌ಗಮರಿ ವಾರ್ಡ್ ಅಂಗಡಿಗಾಗಿ ಅಲ್ಲಿನ ಜಾಹೀರಾತು ಬರಹಗಾರ ರಾಬರ್ಟ್ ಎಲ್. ಮೇ 1939ರಲ್ಲಿ ಬರೆದ ಪ್ರಾಸದ ಪುಸ್ತಿಕೆ ಅದು. ಆ ಒಂದೇ ವರ್ಷ ಸುಮಾರು 24 ಲಕ್ಷ ಪ್ರತಿ ಪುಕ್ಕಟೆ ಹಂಚಿದರು. ಮೇ ಅವರ ಸೋದರಿಯ ಗಂಡ ಜಾನಿ ಮಾರ್ಕ್ಸ್ ಅದನ್ನು ಹಾಡು ಮಾಡಿದರು, 1949ರಲ್ಲಿ ಜೀನ್ ಆಟ್ರಿ ಹಾಡಿದರು, ಹಾಡು ದೇಶವೆಲ್ಲ ಹಬ್ಬಿತು. ಟಿವಿ ಚಿತ್ರದ ಹಾಡುಗಳೂ ಮಾರ್ಕ್ಸ್ ಅವರವೇ. ಮೂಗು ಹೊಳೆಯುವ ಮರಿ, ಮಂಜಿನ ರಾತ್ರಿ, ಸಾಂಟಾನ ಗಾಡಿಗೆ ದಾರಿ ತೋರುವುದು ಇಷ್ಟೇ ಹಾಡಿನಲ್ಲಿರುವುದು. ಹಲ್ಲಿನ ಡಾಕ್ಟರಾಗಬೇಕೆಂಬ, ಸಾಂಟಾನ ಆಟಿಕೆ ಮಾಡುವ ಕುಳ್ಳರಲ್ಲಿ (ಎಲ್ಫ್) ಒಬ್ಬನಾದ ಹರ್ಮಿ, ಯೂಕಾನ್, ಹಿಮರಾಕ್ಷಸ, ಆಟಿಕೆಗಳ ದ್ವೀಪ, ಅದನ್ನಾಳುವ ರೆಕ್ಕೆಯ ಸಿಂಹ, ಇವೆಲ್ಲ ಒಂದು ಗಂಟೆ ತುಂಬಿಸಲು ಮುಲ್ಲರ್ ಕಟ್ಟಿದ್ದು.

ಆ ಒಂದು ಗಂಟೆಯೇ ಎಲ್ಲ ಗೊಂದಲಗಳ ಮೂಲ. 1964ರ ಮೊದಲ ಪ್ರಸಾರದಲ್ಲಿ ರುಡಾಲ್ಫ್ ದ್ವೀಪದ ಆಟಿಕೆಗಳಿಗೆ, ಸಾಂಟಾನಿಗೆ ಹೇಳಿ ನಿಮಗೆ ಮನೆ ಕೊಡಿಸುತ್ತೇನೆ ಎಂದು ಮಾತು ಕೊಡುತ್ತಾನೆ. ಕಥೆ ಮುಗಿಯುತ್ತದೆ, ಆಟಿಕೆಗಳು ಮತ್ತೆ ಕಾಣುವುದೇ ಇಲ್ಲ. ನೋಡಿದವರು ಸುಮ್ಮನಿರಲಿಲ್ಲ, ದೂರಿನ ಪತ್ರಗಳು ಬಂದವು. 1965ರಲ್ಲಿ ಹೊಸ ದೃಶ್ಯ ಸೇರಿಸಿದರು: ಆಟಿಕೆಗಳು ಆಸೆ ಬಿಟ್ಟು ಬೆಂಕಿ ಕಾಯಿಸುತ್ತಾ ಕೂತಾಗ ಸಾಂಟಾನ ಗಾಡಿ ಬಂದಿಳಿಯುತ್ತದೆ. ಇದಕ್ಕೆ ಬೇಕಾದ ಸಮಯವನ್ನು ಬೇರೆಲ್ಲಿಂದಲೋ ಕೀಳಬೇಕಿತ್ತು, ಕತ್ತರಿ ಯೂಕಾನ್ ಮೇಲೆ ಬಿತ್ತು. ಮೂಲದಲ್ಲಿ ಅವನು ನೆಕ್ಕುತ್ತಿದ್ದುದು ಚಿನ್ನಕ್ಕಲ್ಲ, ಪೆಪ್ಪರ್‌ಮಿಂಟ್ ಗಣಿಗಾಗಿ! ಕೊನೆಯಲ್ಲಿ ಸಾಂಟಾನ ಮನೆಯ ಹತ್ತಿರವೇ ಪಿಕಾಸಿ ನೆಕ್ಕಿ ಗಣಿ ಸಿಕ್ಕಿತೆಂದು ಕುಣಿಯುತ್ತಾನೆ. ಆ ದೃಶ್ಯ ಹೋದದ್ದರಿಂದ ದಶಕಗಳ ಕಾಲ ಪ್ರೇಕ್ಷಕರು, ರುಚಿ ನೋಡಿ ಚಿನ್ನ ಪತ್ತೆಮಾಡುವ ಹುಚ್ಚ ಇವನು ಎಂದುಕೊಂಡರು. ಅದೇ ವರ್ಷ ರುಡಾಲ್ಫ್ ಮತ್ತು ಹರ್ಮಿ ಜೋಡಿಯಾಗಿ ಹಾಡುವ ಹಾಡನ್ನೂ ತೆಗೆದು ‘ಫೇಮ್ ಅಂಡ್ ಫಾರ್ಚೂನ್’ ಎಂಬ ಬೇರೆ ಹಾಡು ಹಾಕಿದರು.

ನೀವು ನೋಡುತ್ತಿರುವುದು ಯಾವ ಪ್ರತಿ ಎಂದು ತಿಳಿಯುವುದು ಸುಲಭ. ಪೆಪ್ಪರ್‌ಮಿಂಟ್ ಗಣಿ ಸಿಕ್ಕರೆ ಅದು ತೆಗೆದದ್ದನ್ನು ಮರಳಿ ಜೋಡಿಸಿದ ಪ್ರತಿ. ನಂತರದ ವಿಡಿಯೊ ಆವೃತ್ತಿಗಳಲ್ಲಿ ಹೀಗಿದೆ. ಗಣಿ ಇಲ್ಲ, ‘ಫೇಮ್ ಅಂಡ್ ಫಾರ್ಚೂನ್’ ಇದೆ ಎಂದರೆ 1965ರ ಜಾಡಿನದು. ಎರಡೂ ಇಲ್ಲದೆ, ಹಾಡುಗಳು ಅರ್ಧಕ್ಕೇ ನಿಂತಂತೆ ಅನ್ನಿಸಿದರೆ, ಜಾಹೀರಾತಿಗೆ ಜಾಗ ಮಾಡಲು ವಾಹಿನಿಯವರು ಮತ್ತೆ ಕತ್ತರಿಸಿದ್ದು. 1964ರಲ್ಲಿ ಒಂದು ಗಂಟೆಯ ಕಾರ್ಯಕ್ರಮಕ್ಕೆ ಸಿಗುತ್ತಿದ್ದಷ್ಟು ಸಮಯ ಈಗ ಸಿಗುವುದಿಲ್ಲ. ಚಿತ್ರ 1972ರಲ್ಲಿ ಸಿಬಿಎಸ್ ವಾಹಿನಿಗೆ ಹೋಗಿ, 2024ರಲ್ಲಿ ಎನ್‌ಬಿಸಿಗೆ ಮರಳಿತು. ಮೊದಲ ಸಲ ನೋಡುವವರು ಪ್ರಸಾರವನ್ನು ಬಿಟ್ಟು ಡಿಸ್ಕ್ ಹುಡುಕುವುದು ಒಳ್ಳೆಯದು.

ಅಳುವ ಗೊಂಬೆಯ ಸಂಗತಿಗೆ ಕತ್ತರಿ ಕಾರಣವಲ್ಲ. ಚೌಕ ಗಾಲಿಯ ಡಬ್ಬಿಯಿರುವ ರೈಲು, ನೀರಿನ ಬದಲು ಜೆಲ್ಲಿ ಚಿಮ್ಮುವ ಪಿಸ್ತೂಲು, ಚುಕ್ಕಿ ಆನೆ, ಆಸ್ಟ್ರಿಚ್ ಏರಿದ ಕೌಬಾಯ್, ಇವಕ್ಕೆಲ್ಲ ಕಾಣುವ ಊನವಿದೆ. ಗೊಂಬೆಯ ಊನವನ್ನು ಚಿತ್ರ ಹೇಳುವುದೇ ಇಲ್ಲ. ಅವಳನ್ನು ಯಾರೂ ಪ್ರೀತಿಸಲಿಲ್ಲ, ಅವಳ ನೋವು ಮನಸ್ಸಿನದು ಎಂಬರ್ಥದಲ್ಲಿ ರ‍್ಯಾಂಕಿನ್ ಎಷ್ಟೋ ವರ್ಷಗಳ ನಂತರ ವಿವರಿಸಿದರು. ಬರೆಯುವಾಗಲೇ ಹಾಗೆ ಯೋಚಿಸಿದ್ದರೆ ಒಂದು ಸಾಲಿನ ಮಾತಾದರೂ ಚಿತ್ರದಲ್ಲಿ ಇರುತ್ತಿತ್ತು. ಇರಲಿ.

ಇನ್ನು 1164. ರೋಮನ್ ಅಂಕಿಯಲ್ಲಿ 1964 ಬರೆಯಲು ಎಂ, ಸಿಎಂ, ಎಲ್‌ಎಕ್ಸ್, ಐವಿ ಬೇಕು: ಸಾವಿರ, ಒಂಬೈನೂರು, ಅರವತ್ತು, ನಾಲ್ಕು. ಬರೆದವರು ಎರಡನೆಯ ‘ಎಂ’ ಬಿಟ್ಟರು. ಒಂಬೈನೂರು ಹೋಗಿ ಬರೀ ನೂರು ಉಳಿಯಿತು, ಚಿತ್ರ ಎಂಟು ಶತಮಾನ ಹಿಂದಕ್ಕೆ ಹೋಯಿತು. ನಗಬೇಕಾದದ್ದೇ, ಆದರೆ ಆಗ ಜಾರಿಯಲ್ಲಿದ್ದ ಅಮೆರಿಕದ 1909ರ ಕಾಯ್ದೆಯಲ್ಲಿ ಪ್ರಕಟಿತ ಕೃತಿಯ ಮೇಲೆ ಹೆಸರು, ಇಸವಿ ಸರಿಯಾಗಿರುವುದು ಬಹಳ ಮುಖ್ಯವಾಗಿತ್ತು. ಆದ್ದರಿಂದಲೇ ಈ ಚಿತ್ರದ ಹಕ್ಕು ಊರ್ಜಿತವೇ ಎಂಬ ವಾದ ಆಗಾಗ ಏಳುತ್ತದೆ. ಹಾಗೆಂದು ತುಣುಕು ಕತ್ತರಿಸಿ ನಿಮ್ಮ ಚಾನೆಲ್ಲಿಗೆ ಹಾಕಿಕೊಳ್ಳಬೇಡಿ: ಹಾಡುಗಳ ಹಕ್ಕು ಬೇರೆ, ಮೇ ಅವರ ಕಥೆಯ ಹಕ್ಕು ಬೇರೆ, ಅವು ಈ ತಪ್ಪಿನಿಂದ ಕಳಚಿಕೊಳ್ಳುವುದಿಲ್ಲ.

ಇಂದಿನ ಕಣ್ಣಿಗೆ ಚುಚ್ಚುವುದು ಗೊಂಬೆಗಳ ತಡವರಿಕೆಗಿಂತ ದೊಡ್ಡವರ ವರ್ತನೆ. ಅಪ್ಪ ಡಾನರ್ ಮಗನ ಹೊಳೆಯುವ ಮೂಗಿಗೆ ಮಣ್ಣು ಮೆತ್ತಿ ಮುಚ್ಚುತ್ತಾನೆ. ತರಬೇತುದಾರ ಎಲ್ಲರೆದುರು ಅವನನ್ನು ಆಟದಿಂದ ಹೊರಹಾಕುತ್ತಾನೆ. ಸಾಂಟಾ ಕೂಡ ಸಿಡುಕ. ಮಗನನ್ನು ಹುಡುಕಲು ಹೊರಟಾಗ ಹೆಂಡತಿಗೆ, ಇದು ಗಂಡಸರ ಕೆಲಸ ಎನ್ನುತ್ತಾನೆ ಡಾನರ್. ಮೂಗು ಉಪಯೋಗಕ್ಕೆ ಬಂದ ಮೇಲಷ್ಟೇ ಎಲ್ಲರಿಗೂ ರುಡಾಲ್ಫ್ ಬೇಕಾಗುತ್ತಾನೆ ಎಂಬ ಆಕ್ಷೇಪವೂ ಹಳೆಯದು, ಸರಿಯಾದದ್ದೂ ಹೌದು. ಸಣ್ಣ ಮಕ್ಕಳ ಜೊತೆ ನೋಡುವವರು ಮೊದಲ ಹದಿನೈದು ನಿಮಿಷ ಪಕ್ಕದಲ್ಲೇ ಇರಿ. ಹಿಮರಾಕ್ಷಸನಿಗಿಂತ ಈ ಭಾಗಕ್ಕೇ ಅಳುವ ಮಕ್ಕಳಿದ್ದಾರೆ. ರಾಕ್ಷಸನ ಹಲ್ಲನ್ನು ಹರ್ಮಿ ಕಿತ್ತ ಮೇಲೆ ಅವನು ಸಾಧುವಾಗಿ, ಕ್ರಿಸ್‌ಮಸ್ ಮರದ ತುದಿಗೆ ನಕ್ಷತ್ರ ಕಟ್ಟುವ ಕೆಲಸಕ್ಕೆ ಸೇರುತ್ತಾನೆ.

ಕೊನೆಯ ಹೆಸರುಗಳು ಬರುವಾಗ ಏಳಬೇಡಿ. ಬದಲಾದ ಆವೃತ್ತಿಯಲ್ಲಿ ಅಲ್ಲಿ ಸಾಂಟಾನ ಗಾಡಿಯಿಂದ ಕುಳ್ಳನೊಬ್ಬ ಆಟಿಕೆಗಳಿಗೆ ಒಂದೊಂದು ಕೊಡೆ ಕೊಟ್ಟು ಮನೆಗಳ ಮೇಲೆ ಇಳಿಬಿಡುತ್ತಿರುತ್ತಾನೆ. ಹಕ್ಕಿಯ ಸರದಿ ಬಂದಾಗ, ಹಕ್ಕಿಗೆ ಕೊಡೆ ಯಾಕೆ ಎಂಬಂತೆ ಬರಿಗೈಯಲ್ಲೇ ಎಸೆದುಬಿಡುತ್ತಾನೆ. ದ್ವೀಪದಲ್ಲಿ ಆ ಹಕ್ಕಿ ತನ್ನ ಊನವನ್ನು ತಾನೇ ಹೇಳಿಕೊಂಡಿತ್ತು: ತನಗೆ ಹಾರಲು ಬರುವುದಿಲ್ಲ, ಈಜಲು ಮಾತ್ರ ಬರುತ್ತದೆ.